ತಡವಾಗಿ ನಿಂತ ಬಸ್ಸು

ಟೆಸ್ಟರಣ್ಣನ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಯಾವಾಗಲೂ ತಟ್ಟೆಗೆ ಅನ್ನ ಬಿದ್ದ ಮೇಲೆಯೇ. ಅದಕ್ಕೆ ಮೊದಲು ಜಗಳವಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅವನು ಬೆಳಗ್ಗೆ ಅಂಗಿ ಜೇಬಿಗೆ ಟೆಸ್ಟರು ಸಿಕ್ಕಿಸಿಕೊಂಡು ಹೊರಟರೆ, ಯಾರದೋ ಮನೆಯ ಫ್ಯಾನು, ಯಾರದೋ ಅಂಗಡಿಯ ಮೀಟರು ಅಂತ ಸುತ್ತಿ ಸಂಜೆಗೆ ಬರುವವನು. ಸ್ನಾನದ ಹೊತ್ತೊಂದು ಬಿಟ್ಟರೆ ಆ ಟೆಸ್ಟರು ಅವನ ಎದೆಯ ಮೇಲೆಯೇ ಇರುತ್ತಿದ್ದುದರಿಂದ ಬೀದಿಯವರು ಅವನ ಸ್ವಂತ ಹೆಸರನ್ನು ಮರೆತು ಬಹಳ ಕಾಲವಾಗಿತ್ತು. ಹೆಂಡತಿ ಬೇಕರಿಯ ಕೌಂಟರಿನಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುತ್ತಿದ್ದಳು. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದಳು. ಇನ್ನು ತಾತ, ಅಂದರೆ ಟೆಸ್ಟರಣ್ಣನ ತಂದೆ. ಅವರು ಆಯುಷ್ಯವಿಡೀ ಸಿಟಿ ಬಸ್ಸು ಓಡಿಸಿ ರಿಟೈರಾದವರು, ಈಗ ಪಕ್ಕದ ಬೀದಿಯ ನರ್ಸರಿ ಶಾಲೆಯ ವ್ಯಾನು ಓಡಿಸುತ್ತಿದ್ದರು. ಹಾರ್ನು ಕೇಳಿದರೆ ಬೆಚ್ಚಿ ಅಳುವ ಪುಟಾಣಿಗಳಿಗಾಗಿ ಅವರು ಕಿಟಕಿಯಿಂದ ತಲೆ ಹೊರಹಾಕಿ ಬಾಯಲ್ಲೇ “ಪೋಂ ಪೋಂ” ಅನ್ನುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವರು ಪೋಂಪೋಂ ತಾತ.

ಆ ವರ್ಷದ ಜಗಳ ಗ್ರಾಫಿಕ್ಸ್ ಕಾರ್ಡಿನದು. ಮಗಳು ತನ್ನ ಸ್ಟೈಪೆಂಡನ್ನೆಲ್ಲ ಸುರಿದು, ಒಂದೊಂದೇ ಭಾಗ ತಂದು, ಗೇಮಿಂಗ್ ಕಂಪ್ಯೂಟರೊಂದನ್ನು ತಾನೇ ಜೋಡಿಸಿಕೊಂಡಿದ್ದಳು. ಗ್ರಾಫಿಕ್ಸ್ ಕಾರ್ಡ್ ಅಂದರೆ ಆ ಪೆಟ್ಟಿಗೆಯೊಳಗೆ ಕೂತು ಪರದೆಗೆ ಚಿತ್ರ ಬರೆದು ಕಳಿಸುವ ಭಾಗ. ಅದು ಎಷ್ಟು ಚುರುಕೋ ಆಟ ಅಷ್ಟು ನಯವಾಗಿ ಓಡುತ್ತದೆ. ಮಗಳದು ಹಳೇ ಮಾಡೆಲ್ಲು, ಬೇರೆ ಯಾರೋ ಬಳಸಿ ಬಿಟ್ಟದ್ದು. ಆದರೂ ಇಷ್ಟು ದಿನ ಅದರ ಮೇಲೆ ಒಂದು ದೂರೂ ಇರಲಿಲ್ಲ.

ವಾರದ ಸಂಜೆಗಳೆಲ್ಲ ಆ ಯಂತ್ರ ಮಗಳದು, ಭಾನುವಾರ ಮಾತ್ರ ತಾತನದು. ಅವಳು ಎಲ್ಲಿಂದಲೋ ಹಳೇ ಸ್ಟೀರಿಂಗು, ಪೆಡಲು ತಂದು ಮೇಜಿಗೆ ಬಿಗಿದು, ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಟ್ಟಿದ್ದಳು. ಮೊದಲ ದಿನ ತಾತ ಇದೆಲ್ಲ ಹುಡುಗಾಟ ಅಂತ ಎದ್ದುಹೋದರು. ಮುಂದಿನ ಭಾನುವಾರ ಮುಖ ತೊಳೆದು, ತಲೆ ಬಾಚಿ, ಪೆಟ್ಟಿಗೆಯ ತಳದಲ್ಲಿದ್ದ ಖಾಕಿ ಪ್ಯಾಂಟು ಹಾಕಿಕೊಂಡು ಬಂದು ಕೂತರು. ಪರದೆಯ ಮೇಲಿನ ಸ್ಟಾಪಿನಲ್ಲಿ ಮುದುಕಿಯೊಬ್ಬಳು ಬಸ್ಸು ಹತ್ತಿದರೆ, ಅವಳು ಸೀಟು ಹಿಡಿಯುವ ತನಕ ತಾತ ಬಸ್ಸು ಎತ್ತುತ್ತಿರಲಿಲ್ಲ. “ಅದು ಬೊಂಬೆ ತಾತ, ಬೀಳಲ್ಲ,” ಅಂತ ಮೊಮ್ಮಗಳು ನಗುತ್ತಿದ್ದಳು. ಬೊಂಬೆಯಾದರೂ ವಯಸ್ಸಾಗಿದೆಯಲ್ಲ ಅಂತ ತಾತನ ಉತ್ತರ. ಸರ್ವಿಸ್ಸಿನಲ್ಲಿ ಒಂದೂ ಅಪಘಾತವಿಲ್ಲದ ಮನುಷ್ಯ ಆಟದಲ್ಲಿಯೂ ಒಂದು ಕಂಬಕ್ಕೂ ತಾಗಿಸಿದವರಲ್ಲ.

ಮಗಳು ತರಬೇತಿಗೆಂದು ಬೇರೆ ಊರಿನ ಆಸ್ಪತ್ರೆಗೆ ಹೋಗಿದ್ದಾಗ ಮನೆಗೆ ಬಣ್ಣ ಹೊಡೆಸಿದರು. ಸಾಮಾನೆಲ್ಲ ಹಜಾರದ ಮಧ್ಯೆ ರಾಶಿ ಬಿತ್ತು. ಬಣ್ಣ ಒಣಗಿದ ಮೇಲೆ ಕಂಪ್ಯೂಟರನ್ನು ಮೊದಲಿನ ಜಾಗದಲ್ಲಿಟ್ಟು ವೈರು ಜೋಡಿಸಿದವನು ಟೆಸ್ಟರಣ್ಣ. ಮಗಳಿಗೆ ಫೋನು ಮಾಡಿ ಕೇಳಿ ಜೋಡಿಸಿ ಅಂದಳು ಹೆಂಡತಿ. ಇಡೀ ಬಡಾವಣೆಯ ಮೀಟರು ಬೋರ್ಡು ಬಿಚ್ಚಿ ಕಟ್ಟುವ ತಾನು ಒಂದು ಟಿವಿಯಂಥ ಪೆಟ್ಟಿಗೆಗೆ ಮಗಳನ್ನು ಕೇಳಬೇಕೇ ಅಂತ ಅವನಿಗೆ ನಗು ಬಂತು. ಮೇಜಿನ ಹಿಂದೆ ನುಗ್ಗಿ ಕೂತ, ತಾತ ಟಾರ್ಚು ಹಿಡಿದರು. ಪರದೆಯ ವೈರನ್ನು ಅದು ಕೂರುವ ಸಾಕೆಟ್ಟಿಗೆ ಸಿಕ್ಕಿಸಿದ. ಅಂಥದೇ ಇನ್ನೊಂದು ಕೆಳಗಡೆ ಇದೆಯಲ್ಲ ಅಂದರು ತಾತ. ಇರುತ್ತೆ, ಎರಡು ಪಾಯಿಂಟು ಕೊಟ್ಟಿರ್ತಾರೆ ಅಂದ ಟೆಸ್ಟರಣ್ಣ. ಸ್ವಿಚ್ಚು ಒತ್ತಿದ, ಪರದೆ ಬೆಳಗಿತು. ಅವನ ಕಸುಬಿನಲ್ಲಿ ದೀಪ ಹತ್ತಿತೆಂದರೆ ಕನೆಕ್ಷನ್ ಸರಿ ಅಂತ ಲೆಕ್ಕ. ಕೈ ಒರೆಸಿಕೊಂಡು ಎದ್ದ.

ಮಗಳು ತರಬೇತಿ ಮುಗಿಸಿ ಬಂದ ವಾರವೇ ತಟ್ಟೆಗಳ ನಡುವೆ ಮಾತು ಶುರುವಾಯಿತು. ಆಟ ಕುಂಟುತ್ತಿದೆ, ಚಿತ್ರ ತಡೆದು ತಡೆದು ಬರುತ್ತಿದೆ, ಕಾರ್ಡು ಬದಲಾಯಿಸುವ ಕಾಲ ಬಂತು ಅಂದಳು. ಹೋದ ತಿಂಗಳು ಚೆನ್ನಾಗಿತ್ತಲ್ಲ ಅಂದ ಅಪ್ಪ. ಆಟಗಳಿಗೆಲ್ಲ ಹೊಸ ಅಪ್‌ಡೇಟ್ ಬಂದಿದೆ, ಗೆಳೆಯರ ಯಂತ್ರಗಳೂ ಸ್ವಲ್ಪ ಸ್ವಲ್ಪ ತಡವರಿಸುತ್ತಿವೆ, ತನ್ನದು ಹಳೇ ಕಾರ್ಡಾದ್ದರಿಂದ ಪೂರ್ತಿ ಮಲಗಿಬಿಟ್ಟಿದೆ ಅಂತ ಅವಳ ವಿವರಣೆ.

“ನಮ್ಮ ಮಿಕ್ಸಿ ಎರಡು ವರ್ಷದಿಂದ ಮಲಗಿದೆ,” ಅಂದಳು ಅಮ್ಮ, ಅನ್ನದ ಪಾತ್ರೆ ಮುಂದೆ ತಳ್ಳುತ್ತ. “ಅದಕ್ಕೆ ಯಾವಾಗ ಕಾಲ ಬರುತ್ತೆ?”

“ಅಮ್ಮ, ನಾನೇನು ಇವತ್ತೇ ಅಂದ್ನಾ? ಹೊಸ ಮಾಡೆಲ್ ಬಂದ್ರೆ ಈಗಿರೋದರ ಬೆಲೆ ಇಳಿಯುತ್ತೆ. ಆದ್ರೆ ಹಾಗೆ ಕಾಯ್ತಾ ಕೂತ್ರೆ ಇನ್ನೊಂದು ಹೊಸದು ಬರುತ್ತೆ, ಸಾಯೋವರೆಗೂ ಕಾಯಬಹುದು. ಬೇಕಾದ ಆಟ ಆಡೋಕೇ ಆಗಲ್ಲ ಅನ್ನೋ ದಿನ ಕೊಂಡ್ಕೋಬೇಕು. ಅದಕ್ಕೆ ಮುಂಚೆ ಕೊಂಡ್ರೆ ಷೋಕಿ.”

“ಡಿಪೋದಲ್ಲಿ ಇಂಜಿನ್ ಎಳೀತಿಲ್ಲ ಅಂದ್ರೆ ಮೊದಲು ಫಿಲ್ಟರ್ ಬಿಚ್ಚಿ ನೋಡೋರು,” ಅಂದರು ತಾತ. “ಒಂದ್ಸಲ ಹಿಂದೆಮುಂದೆ ಬಿಚ್ಚಿ ನೋಡು ಪುಟ್ಟಿ.”

ಟೆಸ್ಟರಣ್ಣನಿಗೆ ಆ ಮಾತು ಚುರುಕ್ಕೆಂದಿತು. “ಬಿಚ್ಚೋದೇನೂ ಬೇಡ. ಕನೆಕ್ಷನ್ ಕೊಟ್ಟಿರೋನು ನಾನು. ವೈರಿಂಗಲ್ಲಿ ಕೂದಲೆಳೆ ಆಚೀಚೆ ಇಲ್ಲ,” ಅಂದ. ಮಗಳು ಅಪ್ಪನ ಮಾತು ನಂಬಿದಳು. ವೈರಿನ ವಿಷಯದಲ್ಲಿ ಆ ಬೀದಿಯಲ್ಲಿ ಅವನ ಮಾತನ್ನು ನಂಬದವರು ಯಾರಿದ್ದರು? ಅವನಿಗೆ ಮಾತ್ರ ಮಗಳ ಮೇಲೆ ನಂಬಿಕೆ ಇರಲಿಲ್ಲ. ಹೊಸದು ಬೇಕೆಂದಾಗ ಹಳೆಯದರ ಮೇಲೆ ದೂರು ಹೊರಿಸುವುದು ಎಲ್ಲರ ಮನೆಯ ಮಕ್ಕಳ ಬುದ್ಧಿ ಅಂದುಕೊಂಡ.

ಆ ಭಾನುವಾರ ಚಹಾ ಕುಡಿದು ತಾತ ಬಸ್ಸು ಎತ್ತಿದರು. ಟೆಸ್ಟರಣ್ಣ ಪಕ್ಕದಲ್ಲಿ ಸ್ವಿಚ್‌ಬೋರ್ಡೊಂದನ್ನು ಬಿಚ್ಚಿಕೊಂಡು ಕೂತಿದ್ದ. ಮೊದಲ ತಿರುವಿನಲ್ಲಿಯೇ ಬಸ್ಸು ದೀಪದ ಕಂಬಕ್ಕೆ ಉಜ್ಜಿತು. ತಾತ “ಅರೆ” ಅಂದರು. ಸ್ವಲ್ಪ ದೂರದಲ್ಲಿ ನಿಂತಿದ್ದ ಲಾರಿಯ ಬೆನ್ನಿಗೆ ಗುದ್ದಿತು. ಆಮೇಲೆ ಜನ ರಸ್ತೆ ದಾಟುವ ಪಟ್ಟೆಯ ಹತ್ತಿರ ತಾತ ಬ್ರೇಕು ಒತ್ತಿದರು, ಬಸ್ಸು ನಿಲ್ಲಲಿಲ್ಲ. ಕೈಚೀಲ ಹಿಡಿದು ದಾಟುತ್ತಿದ್ದ ಹೆಂಗಸಿನ ಬೊಂಬೆಯನ್ನು ಕೆಡವಿ ಆಚೆ ಹೋಗಿ ನಿಂತಿತು. ಪರದೆ ಕೆಂಪಾಯಿತು. ತಾತ ಸ್ಟೀರಿಂಗಿನಿಂದ ಕೈ ತೆಗೆದು ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಂಡರು. “ಕಾಲು ಇಟ್ಟೆ. ಸರಿಯಾದ ಹೊತ್ತಿಗೇ ಇಟ್ಟೆ ಅನ್ನಿಸ್ತು,” ಅಂದರು ಯಾರಿಗೂ ಅಲ್ಲದ ಹಾಗೆ.

ಕಾರ್ಡಿನ ತೊಂದರೆ ತಾತ, ಬಿಡು ಅಂದಳು ಮಗಳು. ಟೆಸ್ಟರಣ್ಣ ತಂದೆಯ ಕೈಯನ್ನು ನೋಡುತ್ತಿದ್ದ. ಚಹಾದ ಲೋಟ ಹಿಡಿದಾಗ ಆ ಬೆರಳುಗಳು ನಡುಗುತ್ತಿದ್ದವು. ನಡುಕ ಹಿಂದೆಯೂ ಇತ್ತು, ಆದರೆ ಹಿಂದೆ ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಕೈ ನಾಳೆ ಬೆಳಗ್ಗೆ ಒಂದು ವ್ಯಾನಿನ ತುಂಬ ಪುಟಾಣಿಗಳನ್ನು ಹೊತ್ತು ಹೋಗುತ್ತದೆ ಅನ್ನುವುದು ನೆನಪಾಗಿ ಅವನು ಹೆದರಿದ. ಅದು ಸುಳ್ಳು ಭಯವಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬಹುದು.

ಅವನು ತಂದೆಯ ಜೊತೆ ಮಾತಾಡಬೇಕಿತ್ತು. ಎದುರಿಗೆ ಕೂತು ಅಪ್ಪ, ನಿನ್ನ ಕೈ ತಡವಾಗುತ್ತಿದೆಯಾ ಅಂತ ಕೇಳಬೇಕಿತ್ತು. ಎರಡು ದಿನ ಬಾಯಿಗೆ ಬಂದ ಮಾತನ್ನು ಅನ್ನದ ಜೊತೆ ನುಂಗಿದ. ಮೂರನೆಯ ದಿನ ನರ್ಸರಿಯ ಕಾಲಿಂಗ್ ಬೆಲ್ಲು ಕೆಟ್ಟಿದೆ ಅಂತ ಕರೆ ಬಂತು. ಬೆಲ್ಲು ಸರಿ ಮಾಡಿ, ಸ್ಟೂಲಿನಿಂದ ಇಳಿದು, ನರ್ಸರಿ ನಡೆಸುತ್ತಿದ್ದ ಮೇಡಂ ಹತ್ತಿರ ಹೋಗಿ ನಿಂತ. ತಂದೆಗೆ ವಯಸ್ಸಾಯಿತು, ಕೈಕಾಲು ಮೊದಲಿನ ಹಾಗೆ ಚುರುಕಿಲ್ಲ, ಮಕ್ಕಳ ವಿಷಯ, ಬೇರೆ ಡ್ರೈವರನ್ನು ನೋಡಿಕೊಳ್ಳುವುದು ಒಳ್ಳೆಯದು ಅಂದ. ಮೇಡಂ ಗಾಬರಿಯಾದರು. ತಾತ ವ್ಯಾನನ್ನು ಎಲ್ಲಾದರೂ ಗುದ್ದಿದ್ದಾರಾ ಅಂತ ಕೇಳಿದರು. ಇಲ್ಲ, ಮನೆಯಲ್ಲಿ ನೋಡುತ್ತಿದ್ದೇನಲ್ಲ ಅಂದ. ಕಂಪ್ಯೂಟರಿನ ಬಸ್ಸಿನ ಮಾತು ಅವನ ಬಾಯಿಂದ ಬರಲಿಲ್ಲ. ಬಂದಿದ್ದರೆ ಅವನಿಗೇ ನಗು ಬರುತ್ತಿತ್ತೇನೋ, ಅಲ್ಲಿಗೇ ವಿಷಯ ಮುಗಿಯುತ್ತಿತ್ತೇನೋ.

“ನನ್ನ ಹೆಸರು ಮಾತ್ರ ಬರಬಾರದು ಮೇಡಂ,” ಅಂದ ಕೊನೆಗೆ.

ವಾರದ ಕೊನೆಗೆ ತಾತ ವ್ಯಾನು ಒರೆಸುವ ಬಟ್ಟೆ, ನೀರಿನ ಕ್ಯಾನು, ಡ್ರೈವರ್ ಸೀಟಿನ ಮೇಲೆ ಹಾಕಿಕೊಳ್ಳುತ್ತಿದ್ದ ಪುಟ್ಟ ದಿಂಬು ಹಿಡಿದುಕೊಂಡು ಮನೆಗೆ ಬಂದರು. ಬಟ್ಟೆಯನ್ನು ಸೋಪು ಹಾಕಿ ಒಗೆದು ಹರವಿದರು. ಊಟಕ್ಕೆ ಕೂತಾಗ, ಇನ್ಶೂರೆನ್ಸಿನವರ ಹೊಸ ರೂಲು ಬಂದಿದೆಯಂತೆ, ವಯಸ್ಸಾದವರು ಮಕ್ಕಳ ಗಾಡಿ ಓಡಿಸುವ ಹಾಗಿಲ್ಲವಂತೆ, ನಾಳೆಯಿಂದ ತನಗೆ ರಜ ಅಂದರು. ಹೇಳಿದ್ದು ಇಷ್ಟೇ. ಮೊಟ್ಟೆ ಒಡೆದು ಅನ್ನದಲ್ಲಿ ಕಲಸಿಕೊಂಡರು.

ಹೆಂಡತಿ ಕೈಲಿದ್ದ ಸೌಟು ಕೆಳಗಿಟ್ಟಳು. “ಯಾವ ರೂಲು? ನಿನ್ನೆ ಇಲ್ಲದ ರೂಲು ಇವತ್ತು ಎಲ್ಲಿಂದ ಬಂತು? ಆ ಮೇಡಂ ತನ್ನ ಕಡೆಯೋನನ್ನ ತುರುಕೋಕೆ ಆಡ್ತಿರೋ ಆಟ ಇದು. ನಾಳೆ ನಾನೇ ಹೋಗಿ ಕೇಳ್ತೀನಿ.”

“ನೀನು ಹೋಗೋದು ಬೇಡ,” ಅಂದ ಟೆಸ್ಟರಣ್ಣ.

“ಯಾಕೆ ಬೇಡ? ಮಾವ ಆ ವ್ಯಾನನ್ನ ದಿನಾ ತೊಳೆದು ಒರೆಸಿದ್ದಾರೆ. ನಿಮಗೆ ಏನೂ ಅನ್ನಿಸಲ್ವಾ? ನಿಮ್ಮ ಅಪ್ಪ ರೀ ಅವರು.”

“ರೂಲು ಅಂದ್ರೆ ರೂಲು. ಹೋಗಿ ಜಗಳ ಆಡಿದ್ರೆ ನಮ್ಮ ಮಾನವೇ ಹೋಗೋದು.”

ಮಾನದ ಮಾತು ಆಡಿದ ಮೇಲೆ ಅವನಿಗೆ ತಲೆ ಎತ್ತಲಾಗಲಿಲ್ಲ. ಸೊಸೆಯನ್ನು ಸಮಾಧಾನ ಮಾಡಿದವರು ತಾತನೇ. ಹೋಗಲಿ ಬಿಡಮ್ಮ, ಎಂದಾದರೂ ಬಿಡಬೇಕಾದದ್ದೇ ಅಂದರು, ಮಗನ ಕಡೆ ನೋಡದೆ.

ಕೆಲಸವಿಲ್ಲದ ಮನುಷ್ಯ ಮನೆಯಲ್ಲಿದ್ದರೆ ಮನೆಯವರಿಗೂ ಕಷ್ಟ. ತಾತ ಎಂದಿನ ಹೊತ್ತಿಗೇ ಎದ್ದು, ಎಂದಿನ ಹಾಗೆ ಗಡ್ಡ ಕೆರೆದು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದರು. ಕೆಲವು ದಿನಗಳಲ್ಲಿ ಪಾತ್ರೆ ತೊಳೆಯುವುದನ್ನು ಹಿಡಿದುಕೊಂಡರು. ಸೊಸೆ ಬೇಡ ಮಾವ ಅಂತ ಕೈಯಿಂದ ಕಿತ್ತುಕೊಂಡರೆ ಅವರೇಕಾಯಿ ಬಿಡಿಸಲು ಕೂರುತ್ತಿದ್ದರು. ನರ್ಸರಿಯ ವ್ಯಾನು ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಹೊಸ ಡ್ರೈವರು ನಿಜವಾದ ಹಾರ್ನು ಹೊಡೆಯುವವನು. ಮಕ್ಕಳು ಕಿಟಕಿಯಿಂದ ಪೋಂಪೋಂ ತಾತ ಅಂತ ಕೂಗಿ ಕೈಬೀಸುತ್ತಿದ್ದವು. ಮೊದಲೆರಡು ದಿನ ತಾತ ಬಾಗಿಲಲ್ಲಿ ನಿಂತು ಕೈಬೀಸಿದರು. ಆಮೇಲೆ ವ್ಯಾನು ಬರುವ ಹೊತ್ತಿಗೆ ಅವರಿಗೆ ಹಿತ್ತಲಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಇದನ್ನೆಲ್ಲ ಟೆಸ್ಟರಣ್ಣ ನೋಡುತ್ತಿದ್ದ. ಮಕ್ಕಳ ಜೀವ ದೊಡ್ಡದು, ಮಾಡಿದ್ದು ಸರಿ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸರಿಯಾದ ಕೆಲಸ ಮಾಡಿದವನು ದಿನಾ ಹಾಗೆ ಹೇಳಿಕೊಳ್ಳಬೇಕಾಗಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು.

ಭಾನುವಾರ ಬಂತು, ತಾತ ಮೇಜಿನ ಹತ್ತಿರ ಸುಳಿಯಲಿಲ್ಲ. ಮೊಮ್ಮಗಳು ಕರೆದಳು. ಬೇಡ ಅಂದರು. ಅದರ ಮುಂದಿನ ವಾರವೂ ಕರೆದಳು.

“ಬೇಡ ಪುಟ್ಟಿ. ನನ್ನ ಕೈ ಹೋಯ್ತು. ಆ ಹೆಂಗಸನ್ನ ಕೆಡವಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.”

“ತಾತ, ಅದು ಬೊಂಬೆ.”

“ಕಾಲಿಗೆ ಅದು ಗೊತ್ತಾಗಲ್ವಲ್ಲ.”

ಅವತ್ತು ಊಟದ ಹೊತ್ತಿಗೆ ಮಗಳು ತೀರ್ಮಾನ ಹೇಳಿಬಿಟ್ಟಳು. ಹೊಸ ಮಾಡೆಲ್ಲಿಗೆ ಕಾಯುವುದಿಲ್ಲ, ಬೆಲೆ ಇಳಿಯಲೆಂದೂ ಕಾಯುವುದಿಲ್ಲ, ಆಡುವವರು ಆಡುವುದನ್ನೇ ಬಿಟ್ಟ ಮೇಲೆ ಇನ್ನು ಯಾವ ಕಾಲಕ್ಕೆ ಕಾಯಬೇಕು ಅಂದಳು. ಇದು ತನಗಾಗಿ ಅಲ್ಲ, ತಾತನ ಕೈ ಚೆನ್ನಾಗಿದೆ ಅಂತ ತಾತನಿಗೇ ತೋರಿಸಬೇಕು ಅಂದಳು. ಅಮ್ಮ ಈ ಸಲ ಮಿಕ್ಸಿಯ ಮಾತೆತ್ತಲಿಲ್ಲ. ತಾತ ಮೆಲ್ಲಗೆ ಎದ್ದುಹೋಗಿ, ನರ್ಸರಿಯವರು ಕೊನೆಯದಾಗಿ ಕೊಟ್ಟ ಸಂಬಳದ ಕವರನ್ನು ಬಿಚ್ಚದೆಯೇ ತಂದು ಮೊಮ್ಮಗಳ ತಟ್ಟೆಯ ಪಕ್ಕ ಇಟ್ಟರು. ತನಗೆ ಆಡುವ ಆಸೆ ಇಲ್ಲ, ಆದರೆ ಹುಡುಗಿ ಸಂಜೆ ಹೊತ್ತು ಅದರ ಮುಂದೆ ಹಲ್ಲು ಕಡಿಯುತ್ತ ಕೂರುವುದನ್ನು ನೋಡಲಾಗುವುದಿಲ್ಲ ಅಂದರು.

“ಅದು ಬೇಡಪ್ಪ,” ಅಂದ ಟೆಸ್ಟರಣ್ಣ.

“ಯಾಕೆ? ನನ್ನ ದುಡ್ಡು ನಡೆಯಲ್ವಾ?”

ಅವನು ಕೈ ತೊಳೆಯಲು ಎದ್ದ. ನಲ್ಲಿಯ ಕೆಳಗೆ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತ.

ಕಾರ್ಡು ಬಂದ ಭಾನುವಾರ ಮನೆಯಲ್ಲಿ ಒಂದು ಬಗೆಯ ಸಡಗರವೇ ಇತ್ತು. ಹೆಂಡತಿ ಬೇಕರಿಯಿಂದ ಕೇಕಿನ ಅಂಚುಗಳನ್ನು ತಂದಿದ್ದಳು. ಮಗಳು ಯಂತ್ರದ ವೈರುಗಳನ್ನೆಲ್ಲ ಕಳಚಿ ಹಾಕಲು ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು. ಎಲ್ಲರೂ ಅವಳ ಬೆನ್ನನ್ನೇ ನೋಡುತ್ತಿದ್ದರು.

“ಅಪ್ಪ, ಸ್ವಲ್ಪ ಇಲ್ಲಿ ಬಾ.”

ಅವನು ಹೋಗಿ ಬಗ್ಗಿದ. ಮಗಳು ಬೆರಳಿಟ್ಟು ತೋರಿಸಿದಳು. ಪರದೆಯ ವೈರು ಇದ್ದದ್ದು ಮೇಲಿನ ಸಾಕೆಟ್ಟಿನಲ್ಲಿ. ಅದು ಯಂತ್ರದ ಮೂಲ ಬೋರ್ಡಿನದು, ಅಕ್ಷರ, ಫೋಟೋ ತೋರಿಸುವ ಮಟ್ಟಿಗೆ ಸಾಕು, ಆಟಕ್ಕೆ ಸಾಲದು. ಗ್ರಾಫಿಕ್ಸ್ ಕಾರ್ಡಿನ ಸಾಕೆಟ್ಟು ಕೆಳಗಿನದು. ಅದರಲ್ಲಿ ಏನೂ ಇರಲಿಲ್ಲ, ಬಣ್ಣದ ಧೂಳು ತುಂಬಿಕೊಂಡಿತ್ತು. ಇಷ್ಟು ವಾರ ಆ ಹಳೇ ಕಾರ್ಡು ಒಂದು ಗೆರೆಯನ್ನೂ ಬರೆದಿರಲಿಲ್ಲ. ಕೆಟ್ಟಿದೆ, ಮಲಗಿದೆ ಅಂತ ಬೈಸಿಕೊಂಡು ಸುಮ್ಮನೆ ಕೂತಿತ್ತು. ಚಿತ್ರವೇ ತಡವಾಗಿ ಬರುತ್ತಿದ್ದಾಗ ತಾತ ಒತ್ತಿದ ಬ್ರೇಕಿನ ಬಸ್ಸು ಪರದೆಯ ಮೇಲೆ ತಡವಾಗಿಯೇ ನಿಲ್ಲುವುದು ತಾನೆ.

“ಮೊದಲು ನೋಡಬೇಕಾಗಿದ್ದನ್ನ ಕೊನೆಗೆ ನೋಡಿದ್ದೀನಿ, ನನ್ನ ಬುದ್ಧಿಗಿಷ್ಟು,” ಅಂತ ಮಗಳು ಹಣೆ ಬಡಿದುಕೊಂಡಳು. “ಆದ್ರೂ ಅಪ್ಪ ಕೊಟ್ಟ ಕನೆಕ್ಷನ್ ಕಿತ್ತು ಇದನ್ನ ಇಲ್ಲಿ ಸಿಕ್ಕಿಸಿದ್ದು ಯಾರು?”

ಬಡಾವಣೆಯ ವೈರುಗಳೆಲ್ಲ ನನ್ನ ಕೈಮೇಲೆ ಅನ್ನುವ ಮನುಷ್ಯ, ಸ್ವಂತ ಮನೆಯ ಒಂದು ವೈರಿನ ಮುಂದೆ ಮಂಡಿಯೂರಿ ಕೂತಿದ್ದ. ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ತಾತನ ದನಿ ಬಂತು.

“ನಾನೇ ಕಣೇ ಪುಟ್ಟಿ. ಗುಡಿಸುವಾಗ ಕಳಚಿಕೊಳ್ತು. ಕೈಗೆ ಸಿಕ್ಕಿದ ತೂತಿಗೆ ಸಿಕ್ಕಿಸಿಬಿಟ್ಟೆ.”

ಟೆಸ್ಟರಣ್ಣ ತಿರುಗಿ ನೋಡಿದ. ಅವತ್ತು ಟಾರ್ಚು ಹಿಡಿದು ನಿಂತ ಮನುಷ್ಯ, ಕೆಳಗಡೆ ಇನ್ನೊಂದಿದೆಯಲ್ಲ ಅಂದ ಮನುಷ್ಯ, ಸಾವಧಾನವಾಗಿ ಕೇಕಿನ ಅಂಚು ತಿನ್ನುತ್ತಿದ್ದರು. ಇಲ್ಲ, ನಾನು ಅಂತ ಹೇಳಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ಹೇಳಲಿಲ್ಲ. ಮಗಳು ತಾತನ ಕಿವಿ ಹಿಂಡಿದಳು, ಹೆಂಡತಿ ಬಿದ್ದು ಬಿದ್ದು ನಕ್ಕಳು, ಅವನೂ ಹಲ್ಲು ಕಿರಿದ. ಅಷ್ಟು ಹೇಸಿಗೆ ಅವನಿಗೆ ತನ್ನ ಮೇಲೆ ಎಂದೂ ಆಗಿರಲಿಲ್ಲ.

ಮಗಳು ಹೊಸ ಕಾರ್ಡಿನ ಡಬ್ಬ ಒಡೆಯಲೇ ಇಲ್ಲ. ವೈರನ್ನು ಕೆಳಗಿನ ಸಾಕೆಟ್ಟಿಗೆ ಹಾಕಿ, ತಾತನನ್ನು ತೋಳು ಹಿಡಿದು ಎಳೆದು ತಂದು ಕೂರಿಸಿದಳು. ಬಸ್ಸು ಹೊರಟಿತು. ತಿರುವು ಸಲೀಸಾಗಿ ಕಳೆಯಿತು, ನಿಂತ ಲಾರಿಯ ಪಕ್ಕದಿಂದ ಜಾರಿಕೊಂಡು ಹೋಯಿತು, ದಾಟುವ ಪಟ್ಟೆಯ ಹಿಂದೆ ಮೆತ್ತಗೆ ನಿಂತಿತು. ಕೈಚೀಲದ ಹೆಂಗಸು ದಾಟಿ ಆಚೆ ಫುಟ್‌ಪಾತು ಹತ್ತುವ ತನಕ ತಾತ ಕಾಯುತ್ತ ಕೂತರು. ಸ್ಟೀರಿಂಗಿನ ಮೇಲಿದ್ದದ್ದು ಅದೇ ನಡುಗುವ ಬೆರಳುಗಳು. “ಮಾವ, ನಿಮ್ಮ ಕೈಗೆ ಏನೂ ಆಗಿಲ್ಲ,” ಅಂದಳು ಸೊಸೆ, ಕಣ್ಣು ತುಂಬಿಕೊಂಡು. ಟೆಸ್ಟರಣ್ಣ ಹೊರಗೆ ಹೋಗಿ, ಕೆಲಸವಿಲ್ಲದಿದ್ದರೂ ಸ್ಕೂಟರು ಒರೆಸುತ್ತ ನಿಂತ.

ಅಲ್ಲಿಗೂ ಮುಗಿಯಲಿಲ್ಲ. ಹೆಂಡತಿಯ ಬಾಯಿಂದ ಕಥೆ ಬೇಕರಿಗೆ ಹೋಯಿತು, ಬೇಕರಿಯಿಂದ ಬೀದಿಗೆ ಇಳಿಯಿತು. ಟೆಸ್ಟರಣ್ಣನ ಮನೆಯಲ್ಲೇ ವೈರು ತಪ್ಪಾ ಅಂತ ಕಂಡವರೆಲ್ಲ ತಾತನನ್ನು ಕಿಚಾಯಿಸಿದರು. ತಾತ ಎಲ್ಲರ ಜೊತೆ ಸೇರಿ ನಕ್ಕರು. ಮಗ ಪಕ್ಕದಲ್ಲೇ ಇದ್ದಾಗಲೂ, ಬಲ್ಲವನನ್ನು ಕೇಳದೆ ಕೈಹಾಕಿದರೆ ಇನ್ನೇನಾಗುತ್ತದೆ ಅಂದರು. ಆ ವಾರ ಇಬ್ಬರು ಹೊಸ ಗಿರಾಕಿಗಳು ಕೆಲಸಕ್ಕೆ ಕರೆದರು. ಪ್ರತಿ ಸಲ ಜೇಬಿನಿಂದ ಟೆಸ್ಟರು ತೆಗೆಯುವಾಗಲೂ ಟೆಸ್ಟರಣ್ಣನಿಗೆ ಕಿವಿ ಬಿಸಿಯಾಗುತ್ತಿತ್ತು.

ಕೊನೆಗೊಂದು ಬೆಳಗ್ಗೆ ಧೈರ್ಯ ಮಾಡಿ ನರ್ಸರಿಗೆ ಹೋದ. ಮಕ್ಕಳು ಒಳಗೆ ಹಾಡುತ್ತಿದ್ದವು. ತಾನು ಹೇಳಿದ್ದು ತಪ್ಪು, ತಂದೆಯ ಕೈ ಚೆನ್ನಾಗಿದೆ, ಅವರನ್ನು ಮತ್ತೆ ಕರೆಸಿಕೊಳ್ಳಿ ಅಂತ ಮೇಡಂಗೆ ಹೇಳಿದ. ಈ ಸಲ ಆಟದ ಬಸ್ಸು, ಸಾಕೆಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದ. ಮೇಡಂ ನಗಲಿಲ್ಲ.

“ಕಂಪ್ಯೂಟರ್ ಆಟ ನೋಡಿಕೊಂಡು ಬಂದು ಹೇಳಿದ್ರಾ ನೀವು? ಈಗ ಹೊಸಬರು ಸೇರಿ ಆಗಿದೆ. ಅವರ ಮೇಲೊಂದು ದೂರಿಲ್ಲ, ಅವರಿಗೂ ಸಂಸಾರ ಇದೆ. ನಾನು ಯಾವ ಮುಖ ಇಟ್ಕೊಂಡು ಬಿಡಿಸಲಿ?”

ಅವನು ತಲೆಯಾಡಿಸಿದ. ಹೋಗಲು ತಿರುಗಿದಾಗ ಮೇಡಂ ಇನ್ನೊಂದು ಮಾತು ಅಂದರು.

“ನಿಮ್ಮ ಹೆಸರು ಹೇಳಬೇಡಿ ಅಂದಿದ್ರಿ. ನಾನು ಹೇಳಲಿಲ್ಲ. ಆದ್ರೆ ಬಿಡಿಸಿದ ದಿನ ಅವರೇ ಕೇಳಿದ್ರು, ನನ್ನ ಮಗ ಏನಾದ್ರೂ ಬಂದಿದ್ನಾ ಅಂತ. ಅಷ್ಟು ವಯಸ್ಸಾದವರಿಗೆ ಎದುರಿಗೆ ಸುಳ್ಳು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಸುಮ್ಮನೆ ನಿಂತೆ. ಅವರಿಗೆ ಅರ್ಥವಾಯ್ತು.”

ಟೆಸ್ಟರಣ್ಣ ಸ್ಕೂಟರು ಹತ್ತಲಿಲ್ಲ, ತಳ್ಳಿಕೊಂಡೇ ಬಂದ. ತಾತ ದಿಂಬು ಹಿಡಿದು ಬಂದ ದಿನವೇ ಅವರಿಗೆ ಗೊತ್ತಿತ್ತು. ಮಾನ ಹೋಗುತ್ತದೆ ಅಂತ ಅವನು ಹೆಂಡತಿಯನ್ನು ಗದರಿದಾಗ ಗೊತ್ತಿತ್ತು. ಸಂಬಳದ ಕವರು ತಂದಿಟ್ಟಾಗ, ನಾನೇ ಕಣೇ ಪುಟ್ಟಿ ಅಂದಾಗ, ಬೀದಿಯವರ ಜೊತೆ ಸೇರಿ ನಕ್ಕಾಗಲೆಲ್ಲ ಗೊತ್ತಿತ್ತು. ಅಷ್ಟು ದಿನ ಒಂದೇ ಪಾತ್ರೆಯ ಅನ್ನವನ್ನು ಅವರಿಬ್ಬರೂ ಎದುರುಬದುರು ಕೂತು ತಿಂದಿದ್ದರು. ನಡುರಸ್ತೆಯಲ್ಲಿ ಅವನಿಗೆ ಅಳು ಬಂತು, ಜನ ನೋಡುತ್ತಾರೆಂದು ನುಂಗಿಕೊಂಡ.

ಮನೆಯಲ್ಲಿ ತಾತನೊಬ್ಬರೇ ಇದ್ದರು. ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಬೀನ್ಸಿನ ನಾರು ತೆಗೆಯುತ್ತಿದ್ದರು. ಟೆಸ್ಟರಣ್ಣ ಎದುರಿಗೆ ನೆಲದ ಮೇಲೆ ಕೂತ. ಇನ್ನೊಂದು ಕ್ಷಣ ತಡೆದರೆ ಹೇಳಲಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

“ಅಪ್ಪ, ನಿನ್ನ ಕೆಲಸ ಕಳೆದಿದ್ದು ನಾನು.”

“ಹೂಂ,” ಅಂದರು ತಾತ.

“ಮೇಡಂ ಹತ್ತಿರ ಹೋಗಿ ಬಂದೆ. ಇನ್ನು ಆಗಲ್ಲ ಅಂದ್ರು.”

“ಆಗಲ್ಲ. ಆ ಹೊಸಬ ಒಳ್ಳೆಯೋನು. ಹಾರ್ನ್ ಜಾಸ್ತಿ ಹೊಡೀತಾನೆ, ಅಷ್ಟೇ.”

“ನಿನಗೆ ಎಲ್ಲಾ ಗೊತ್ತಿತ್ತು. ಆ ವೈರಿನ ವಿಷಯ ನಿನ್ನ ಮೇಲೆ ಯಾಕೆ ಹಾಕ್ಕೊಂಡೆ?”

“ನನಗೆ ಹೇಗೂ ಕೆಲಸ ಇಲ್ಲ. ಜನ ನಕ್ಕರೆ ನನ್ನದೇನು ಹೋಗುತ್ತೆ? ನಿನಗೆ ಆ ವೈರೇ ಹೊಟ್ಟೆಪಾಡು.”

ತಾತ ಬೀನ್ಸು ಮುರಿದು ಪಾತ್ರೆಗೆ ಹಾಕಿದರು. ಮಗ ತಲೆ ತಗ್ಗಿಸಿ ಕೂತೇ ಇದ್ದ. ಮಕ್ಕಳ ಗಾಡಿ ಅಂತ ಹೆದರಿಕೆಯಾಯಿತು, ಅದಕ್ಕೇ ಹೋದೆ, ಬೇರೆ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ ಅಂತ ತೊದಲಿದ. ತಾತ ಬೀನ್ಸು ಮುರಿಯುತ್ತಲೇ ಇದ್ದರು. ಪಾತ್ರೆ ತುಂಬಿದ ಮೇಲೆ ಅವರು ಕೈ ನಿಲ್ಲಿಸಿದರು.

“ಹೆದರಿದ್ದು ತಪ್ಪಲ್ಲ ಮಗಾ. ಹೋಗಿ ಹೇಳಿದ್ದೂ ತಪ್ಪಲ್ಲ. ಮಕ್ಕಳಿರೋ ಗಾಡಿ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಹೋಗಿ ಹೇಳ್ತಿದ್ದೆ,” ಅಂದರು. “ಆದ್ರೆ ಮೊದಲು ನಿನಗೆ ಹೇಳಿ ಹೋಗ್ತಿದ್ದೆ.”